ಎಡೆಗಿಟ್ಟ ಅಂಗಿ

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಮಧುಶ್ರೀ ಹಾಲು ಕಾಯಿಸಲು ಎದ್ದಳು. ಶಾಮಿಯಾನದವರು ಕುರ್ಚಿಗಳನ್ನು ಹಿಂದಿನ ಸಂಜೆಯೇ ಒಯ್ದಿದ್ದರು. ಮೆಟ್ಟಿಲ ಮೇಲೆ ಯಾರೋ ತುಳಿದ ಚೆಂಡುಹೂವು ಒಣಗಿ ಅಂಟಿಕೊಂಡಿತ್ತು. ಅಡುಗೆಮನೆಯ ಕಿಟಕಿಯಿಂದ ಯಡಿಯೂರು ಕೆರೆಯ ಬೇಲಿ, ಅದರ ಪಕ್ಕದ ರಸ್ತೆ, ತಮ್ಮ ಗೇಟು ಕಾಣುತ್ತವೆ. ಕೆರೆಯ ಸುತ್ತ ನಡೆಯುವವರು ಎಂದಿನಂತೆ ಕೈಬೀಸಿ ನಡೆಯುತ್ತಿದ್ದರು. ಅವಳು ಒಲೆ ಸಣ್ಣಗೆ ಮಾಡಿ ತಲೆಯೆತ್ತಿದಾಗ ಗೇಟಿನ ಹೊರಗೆ ಅವಳ ಗಂಡ ತಿರುಮಲೇಶ ನಿಂತಿದ್ದ.

ಹಸಿರು ಚೌಕಳಿಯ ಅಂಗಿ. ಎಡತೋಳನ್ನು ಬಲತೋಳಿಗಿಂತ ಒಂದು ಮಡಿಕೆ ಹೆಚ್ಚು ಏರಿಸಿದ್ದ. ಕತ್ತು ಸ್ವಲ್ಪ ಬಲಕ್ಕೆ ವಾಲಿಸಿ, ಚಿಲಕಕ್ಕೆ ಬೆರಳಿಟ್ಟು, ಸದ್ದಾಗದ ಹಾಗೆ ಎತ್ತುತ್ತಿದ್ದ. ಆ ಚಿಲಕವನ್ನು ಸದ್ದಿಲ್ಲದೆ ತೆಗೆಯಲು ಮನೆಯಲ್ಲಿ ಬರುತ್ತಿದ್ದುದು ಅವನೊಬ್ಬನಿಗೇ.

ಅವಳಿಗೆ ಗಾಬರಿಯಾಗಲಿಲ್ಲ. ಹಾಲು ಉಕ್ಕಿತು, ಒಲೆ ಆರಿಸಿದಳು. ಮತ್ತೆ ನೋಡುವಷ್ಟರಲ್ಲಿ ಆ ಮನುಷ್ಯ ಚಿಲಕವನ್ನು ಮೊದಲಿನಂತೆ ಇಳಿಸಿ, ತಿರುಗಿ, ಬಸ್ ಸ್ಟಾಪಿನ ಕಡೆ ಹೊರಟಿದ್ದ. ಈಗ ಮುಖ ಕಂಡಿತು. ಯುವರಾಜ್. ಅದು ಅವನೇ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೂ ಅಡುಗೆಕಟ್ಟೆಯ ಮೇಲೆ ಅವಳ ಕೈ ಎರಡು ಲೋಟ ತೆಗೆದಿಟ್ಟಿತ್ತು.

ಸತ್ತವನ ಅಂಗಿ ಬದುಕಿದವನ ಮೈಮೇಲೆ ಹೇಗೆ ಬಂತೆಂಬುದಕ್ಕೆ ಊರಿನ ನಾಟಕದ ಮೇಷ್ಟ್ರು ಬೋರಣ್ಣನವರ ನಾಟಕ ಕಾರಣ. ಯಡಿಯೂರು ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಮನೆಗಳ ಗಂಡಸರು ಈಗ ಮನೆಗಳನ್ನು ಬಾಡಿಗೆಗೆ ಕೊಟ್ಟುಕೊಂಡು, ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಇದ್ದಾರೆ. ಆದರೆ ವರ್ಷಕ್ಕೊಂದು ನಾಟಕ ಆಡುವುದನ್ನು ಬಿಟ್ಟಿಲ್ಲ. ಪೌರಾಣಿಕವೇ ಹೆಚ್ಚು. ಈ ವರ್ಷ ಮಾತ್ರ ಬೋರಣ್ಣನವರು ಒಂದು ನಗೆನಾಟಕ ಬರೆದಿದ್ದರು. ಹೆಣ್ಣು ನೋಡಲು ಹೊರಟ ಸಾಹುಕಾರನ ಮಗ, ಹುಡುಗಿ ಒಲಿಯುವುದು ತನಗೋ ತನ್ನ ಮನೆತನಕ್ಕೋ ಎಂದು ತಿಳಿಯಲು, ಆಳಿನ ಜೊತೆ ಅಂಗಿ ಬದಲಿಸಿಕೊಳ್ಳುತ್ತಾನೆ. ಆಳು ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ, ಸಾಹುಕಾರ ಚಪ್ಪಲಿ ಎತ್ತಿಡುತ್ತಾನೆ, ಹುಡುಗಿ ಚಪ್ಪಲಿ ಎತ್ತಿಡುವವನನ್ನು ನೋಡಿ ಮನಸ್ಸು ಕಳೆದುಕೊಂಡು ರಾದ್ಧಾಂತವಾಗುತ್ತದೆ. ಕೊನೆಯ ದೃಶ್ಯದಲ್ಲಿ ಅವಳು ಒಬ್ಬೊಬ್ಬನನ್ನೂ ಅವನವನ ಹೆಸರು ಹಿಡಿದು ಕರೆದು, ಅವನವನ ಅಂಗಿ ಅವನವನ ಕೈಗೆ ಕೊಡುತ್ತಾಳೆ. ಚಪ್ಪಾಳೆ, ಪರದೆ.

ಸಾಹುಕಾರನ ಮಗನ ಪಾತ್ರ ತಿರುಮಲೇಶನದು. ಆಳಿನ ಪಾತ್ರಕ್ಕೆ ಬೋರಣ್ಣನವರು ಬಸ್ಸಿನಿಂದ ಒಬ್ಬನನ್ನು ಹಿಡಿದು ತಂದಿದ್ದರು. ಅರೆಕೆರೆಯ ಯುವರಾಜ್, ಬನಶಂಕರಿ ಡಿಪೋದಲ್ಲಿ ಕಂಡಕ್ಟರ್. ಸ್ಟಾಪಿಗೊಬ್ಬ ಪ್ರಯಾಣಿಕನನ್ನು ಅಣಕಿಸಿ ಇಡೀ ಬಸ್ಸನ್ನು ನಗಿಸುತ್ತಿದ್ದವನು. ನಾಟಕದ ಪೆಟ್ಟಿಗೆಯ ಬಟ್ಟೆಯಲ್ಲಿ ವೇಷ ಕೂರುವುದಿಲ್ಲ ಎನ್ನುವುದು ಬೋರಣ್ಣನವರ ತಂದೆಯ ಕಾಲದಿಂದ ಬಂದ ಪದ್ಧತಿ. ಯಾರ ವೇಷವೋ ಅವರ ಮೈಮೇಲಿನದನ್ನೇ ದಿನವೂ ತೊಡಬೇಕು, ಒಗೆಯಬಾರದು, ಜೇಬಿನಲ್ಲಿದ್ದದ್ದನ್ನು ತೆಗೆಯಬಾರದು, ಕೊನೆಯ ದೃಶ್ಯದವರೆಗೆ ಹಿಂದಿರುಗಿಸಬಾರದು. ಮೊದಲ ಪ್ರಾಕ್ಟೀಸಿನ ದಿನ ಅವರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಅಂಗಿ ಬಿಚ್ಚಿಸಿದರು. ತಿರುಮಲೇಶನ ಹಸಿರು ಚೌಕಳಿ ಯುವರಾಜನಿಗೆ ಹೋಯಿತು. ಯುವರಾಜನ ತೆಳುನೀಲಿ ಅಂಗಿ, ಚಿಲ್ಲರೆಯ ಭಾರಕ್ಕೆ ಜೇಬು ಜೋತುಬಿದ್ದದ್ದು, ತಿರುಮಲೇಶನಿಗೆ ಬಂತು. ಜೇಬಿನಲ್ಲಿ ಡಿಪೋದ ಹಳೆಯ ಗುರುತಿನ ಚೀಟಿ ಇತ್ತು. ಫೋಟೊ ಬೆವರಿಗೆ ಅಳಿಸಿಹೋಗಿತ್ತು. ಅದೂ ಅಲ್ಲೇ ಉಳಿಯಿತು.

"ಹೆಸರು ಹಿಡ್ದು ಕರ್ಯೋಗಂಟ ವೇಷ ಇಳಿಯಲ್ಲ ಕಣ್ರಯ್ಯ" ಎಂದು ಬೋರಣ್ಣನವರು ಇಬ್ಬರ ಬೆನ್ನನ್ನೂ ತಟ್ಟಿದ್ದರು.

ನಾಯಕಿ ಸಂಬಳದ ಕಲಾವಿದೆ, ಕೊನೆಯ ಪ್ರಾಕ್ಟೀಸಿಗೆ ಮಾತ್ರ ಬರುವವಳು. ಅಲ್ಲಿಯವರೆಗೆ ಹುಡುಗಿಯ ಮಾತನ್ನು ಬೋರಣ್ಣನವರು ತಮ್ಮ ಗೊಗ್ಗರು ದನಿಯಲ್ಲಿ ನಾಚಿಕೊಂಡು ಹೇಳುತ್ತಿದ್ದರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮನೆಯಲ್ಲಿ ಆ ಮಾತುಗಳನ್ನು ಓದುತ್ತಿದ್ದವಳು ಮಧುಶ್ರೀ. ಜ್ಞಾನಭಾರತಿಯಲ್ಲಿ ಎಂ.ಎ. ಮಾಡಿದವಳಿಗೆ ಮೊದಮೊದಲು ಆ ಸಂಭಾಷಣೆ ಹಳೆಯ ಕಾಲದ್ದೆನಿಸಿತ್ತು. ಬರುಬರುತ್ತಾ ಅವಳು ಅದಕ್ಕಾಗಿ ಕಾಯತೊಡಗಿದಳು. ತಿರುಮಲೇಶ ಮನೆಯೊಳಗೂ ಕಂಡಕ್ಟರನಂತೆ ಕಾಲಗಲಿಸಿ ನಿಲ್ಲುತ್ತಿದ್ದ, ಫ್ರಿಜ್ಜಿಗೆ ಸೊಂಟ ಆನಿಸಿ ಪೇಪರು ಓದುತ್ತಿದ್ದ, ಹಾಳೆ ತಿರುಗಿಸುವ ಮುನ್ನ ಹೆಬ್ಬೆರಳು ನಾಲಿಗೆಗೆ ಮುಟ್ಟಿಸುತ್ತಿದ್ದ. ಅವಳು ಪಾಸ್ ಇದೆ ಸಾರ್ ಎಂದು ಕೈಯೊಡ್ಡಿ ಕಾಡುತ್ತಿದ್ದಳು. ಆದರೆ ಒಂದು ವಿಷಯ ಅವಳಿಗೆ ಹಿಡಿಸಿರಲಿಲ್ಲ. ಮದುವೆಯಾದಾಗಿನಿಂದ ಅವನು ಯಾವ ಕೋಣೆಗೆ ಕಾಲಿಡುವ ಮೊದಲೂ ಹೊಸ್ತಿಲಲ್ಲಿ ನಿಂತು, "ಮಧು, ಇದ್ದೀಯಾ?" ಎನ್ನುತ್ತಿದ್ದ. ಅವಳು ಕಣ್ಣೆದುರೇ ಇದ್ದರೂ ಕೇಳುತ್ತಿದ್ದ. ಅದನ್ನು ನಿಲ್ಲಿಸಿಬಿಟ್ಟಿದ್ದ. ಯಾಕೆಂದು ಕೇಳಿದಾಗ ನಗಲಿಲ್ಲ.

"ಅದನ್ನ ಯುವರಾಜಂಗೆ ಕೊಟ್ಟಿದ್ದೀನಿ. ನಾಟಕ ಮುಗಿಯೋವರ್ಗೂ ಅದು ನಂದಲ್ಲ."

ನಾಟಕಕ್ಕೆ ವಾರವಿದ್ದಾಗ, ಒಂದು ಮಧ್ಯಾಹ್ನ, ಬನಶಂಕರಿ ಬಸ್ ನಿಲ್ದಾಣದ ಎದುರು ಅವನು ಸ್ಕೂಟರ್ ನಿಲ್ಲಿಸಿ, ಬಿಸಿಲಿಗೆ ಸುಸ್ತಾದವನಂತೆ ಫುಟ್‌ಪಾತಿನ ಮೇಲೆ ಕುಳಿತ. ಏಳಲಿಲ್ಲ. ಹೃದಯ ಎಂದರು ಆಮೇಲೆ. ಸುತ್ತ ಸೇರಿದವರು ನೀಲಿ ಅಂಗಿಯ ಜೇಬು ತಡಕಿ, ಸಿಕ್ಕ ಚೀಟಿ ನೋಡಿ ಡಿಪೋಗೆ ಹೇಳಿದರು. ಡಿಪೋದವರು ಯುವರಾಜನ ಹೆಂಡತಿ ಸುಧಾಮಣಿಗೆ ಫೋನ್ ಮಾಡಿದರು. ಅವಳು ಆಸ್ಪತ್ರೆಗೆ ಓಡಿ, ಸ್ಟ್ರೆಚರಿನ ಅಂಚಿನಿಂದ ಇಳಿಬಿದ್ದ ನೀಲಿ ತೋಳನ್ನು ದೂರದಿಂದಲೇ ಗುರುತು ಹಿಡಿದು ನೆಲಕ್ಕೆ ಕುಸಿದಳು. ಮುಖದ ಬಟ್ಟೆ ಸರಿಸುವವರೆಗೂ ಅವಳು ವಿಧವೆ.

ಮಧುಶ್ರೀ ಮಾತ್ರ ಆಗ ಮನೆಯಲ್ಲಿ ನೆಮ್ಮದಿಯಾಗಿದ್ದಳು. ಕಿಟಕಿಯಿಂದ ಹಸಿರು ಅಂಗಿ ಬರುವುದು ಕಂಡು ಕಾಫಿಗೆ ನೀರಿಟ್ಟಿದ್ದಳು. ಸುದ್ದಿ ಹೇಳಲು ಬಂದ ಯುವರಾಜ್ ಹೊಸ್ತಿಲಲ್ಲಿ ನಿಂತ. ವಾರಗಟ್ಟಲೆ ಕಲಿತದ್ದು ಬಾಯಿತಪ್ಪಿ ಮೊದಲು ಹೊರಬಂತು. ಇದ್ದೀಯಾ ಎಂದ. ಇದ್ದೀನಿ ಬಾ ಎಂದು ನಗುತ್ತಾ ಅವಳು ಬಾಗಿಲು ತೆರೆದಳು. ಅವನು ಎಲ್ಲ ಹೇಳಿ ಮುಗಿಸಿದ ಮೇಲೂ ಆ ನಗು ಅವಳ ಮುಖದ ಮೇಲೆ ಇನ್ನಷ್ಟು ಹೊತ್ತು ಇತ್ತಂತೆ. ನೋಡಿದವರು ಹೇಳಿದ್ದು.

ನಾಟಕ ನಿಂತುಹೋಯಿತು. ಇಷ್ಟಕ್ಕೇ ಮುಗಿದಿದ್ದರೆ ಅಂಗಿ ಅಂಗಿಯಾಗಿಯೇ ಉಳಿಯುತ್ತಿತ್ತು. ಆದರೆ ತಿಥಿಯ ದಿನ ಅತ್ತೆ ಲಕ್ಷ್ಮಿದೇವಮ್ಮ, ಆಸ್ಪತ್ರೆಯಿಂದ ಬಂದ ಕವರು ಬಿಚ್ಚಿ, ಮಗ ಕೊನೆಗೆ ತೊಟ್ಟದ್ದು ಇದೇ ಎಂದು ಆ ನೀಲಿ ಅಂಗಿಯನ್ನು ಎಡೆಗಿಟ್ಟರು. ಫೋಟೊದ ಮುಂದೆ ಬಾಳೆಯೆಲೆ, ಮುದ್ದೆ, ಸಾರು, ಹೊಸ ಪಂಚೆ, ಅದರ ಮೇಲೆ ಮಡಿಸಿದ ಅಂಗಿ. ಸತ್ತವರು ಬಂದು ತಮ್ಮದನ್ನು ತೆಗೆದುಕೊಳ್ಳಲಿ ಎಂದು ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಂತರು. ಬಾಗಿಲು ತೆರೆದಾಗ ಬೋರಣ್ಣನವರ ಕಣ್ಣು ಅಂಗಿಯ ಮೇಲೆ ಬಿತ್ತು. ಅವರು ಹತ್ತಿರ ಬಾಗಿದರು. ಬದುಕಿರುವವನ ಅಂಗಿಯಲ್ಲವೇ ಅಮ್ಮ ಅದು ಎಂದು ಪಿಸುಗುಟ್ಟಿದರು. ಲಕ್ಷ್ಮಿದೇವಮ್ಮ ಎಲೆಯತ್ತ ತಿರುಗಿದರು.

"ಅಂಗಾರೆ ನನ್ ಮಗ ಯಾವ್ ಅಂಗಿ ತೊಟ್ಕೊಂಡ್ ಓದ?"

ನೆಂಟರು ಒಬ್ಬೊಬ್ಬರು ಒಂದೊಂದು ಹೇಳತೊಡಗಿದರು. ಗಲಾಟೆಯ ನಡುವೆ ಮಧುಶ್ರೀ ನೀಲಿ ಅಂಗಿಯನ್ನು ಎತ್ತಿಕೊಂಡು ಹೋಗಿ ತನ್ನ ಬೀರುವಿನೊಳಗೆ ಸೀರೆಗಳ ಅಡಿಯಲ್ಲಿ ಇಟ್ಟುಬಿಟ್ಟಳು. ಅದರಲ್ಲಿ ತಿರುಮಲೇಶನ ಬೆವರಿತ್ತು. ಅದರಡಿ ಇನ್ನೊಬ್ಬನದೂ ಇತ್ತು. ಯಾವುದು ಯಾರದೆಂದು ಬೇರೆ ಮಾಡಲು ಅವಳಿಗೆ ಆಗಲಿಲ್ಲ.

ಲೋಟಗಳೆರಡನ್ನೂ ಅವಳು ತೊಳೆದಿಟ್ಟ ಆ ಬೆಳಿಗ್ಗೆಯೇ, ಹೊತ್ತೇರಿದ ಮೇಲೆ, ಸುಧಾಮಣಿ ಬಂದಳು. ಜೆ.ಪಿ. ನಗರದ ಒಂದು ಕಣ್ಣಾಸ್ಪತ್ರೆಯಲ್ಲಿ ರಿಸೆಪ್ಷನಿಸ್ಟ್. ಕೆಲಸದ ಸೀರೆಯಲ್ಲೇ, ಕೊರಳಿನ ಕಾರ್ಡು ಸಮೇತ ಬಂದಿದ್ದಳು. ನೀರು ಕುಡಿದಳು, ಲೋಟ ಕೆಳಗಿಡಲಿಲ್ಲ. ಅವರ ಮನೆಯಲ್ಲಿ ಇರುವುದು ಬುದ್ಧನ ಫೋಟೊ, ತಿಥಿ ಎಡೆ ದೆವ್ವ ಭೂತ ಒಂದನ್ನೂ ಅವರು ನಂಬುವವರಲ್ಲ, ಮಾವ ಗಂಗಯ್ಯನವರಿಗೆ ತಾನು ಇಲ್ಲಿಗೆ ಬಂದದ್ದು ಗೊತ್ತಾದರೆ ಬೈಯುತ್ತಾರೆ, ಇದನ್ನೆಲ್ಲ ಮೊದಲೇ ಹೇಳಿದಳು. ಆಮೇಲೆ ಗಂಡನ ವಿಷಯಕ್ಕೆ ಬಂದಳು. ಹಸಿರು ಅಂಗಿ ಬಿಚ್ಚಲು ಒಪ್ಪುವುದಿಲ್ಲ. ಊಟಕ್ಕೆ ಕೂತರೆ ಎಡಗೈಯಲ್ಲಿ ತಟ್ಟೆ ತಿರುಗಿಸುತ್ತಾನೆ. ಮಗಳನ್ನು ಪಕ್ಕದ ಮನೆಯ ಮಗುವಿನಂತೆ ಮಾತಾಡಿಸುತ್ತಾನೆ. ಮೊದಲು ಬೇಜಾರಿಗೆ ಹೀಗೆ ಅಂದುಕೊಂಡಳಂತೆ.

"ಇವತ್ತು ಬೆಳಿಗ್ಗೆ ರೂಮಿನ ಬಾಗ್ಲಲ್ಲಿ ನಿಂತ್ಕೊಂಡು ಮಧು, ಇದ್ದೀಯಾ ಅಂದ್ರು. ನನ್ನ ಮುಖ ನೋಡ್ಕೊಂಡೇ ಅಂದ್ರು ಅಕ್ಕ."

ಮಧುಶ್ರೀಗೆ ಎದೆಯೊಳಗೆ ಏನೋ ಬೆಚ್ಚಗಾಯಿತು. ನಾಚಿಕೆಯೂ ಆಯಿತು, ಆದರೆ ಬೆಚ್ಚಗಾದದ್ದು ಮೊದಲು.

ಸುಧಾಮಣಿ ನೀಲಿ ಅಂಗಿ ಕೇಳಿದಳು. ಅದನ್ನು ಅವನ ಕೈಗೆ ಹಿಂದಕ್ಕೆ ಕೊಟ್ಟರೆ ಹಿಡಿದದ್ದು ಬಿಡುತ್ತದೆ ಎಂದು ಬೋರಣ್ಣನವರು ಹೇಳಿದ್ದರಂತೆ. ನಿಮ್ಮ ಮನೆಯವರು ತಗೊಂಡದ್ದು ತಾನೇ, ನೀವೇ ಬಂದು ಕೊಡಬೇಕಂತೆ, ನಾಟಕದಲ್ಲಿ ಹುಡುಗಿ ಕೊಡುವ ಹಾಗೆ. ಒಂದು ಹಳೇ ಅಂಗಿ, ನಿಮಗೆ ಯಾಕೆ ಬೇಕು ಎಂದಳು.

ಬೀರು ಪಕ್ಕದ ಕೋಣೆಯಲ್ಲೇ ಇತ್ತು. ಕೊಟ್ಟರೆ ನಾಳೆ ಬೆಳಿಗ್ಗೆ ಗೇಟಿನ ಚಿಲಕವನ್ನು ಸದ್ದಿಲ್ಲದೆ ಎತ್ತುವವರು ಯಾರೂ ಇರುವುದಿಲ್ಲ. ಲೆಕ್ಕ ಅಷ್ಟೇ ಇತ್ತು, ಅವಳಿಗೆ ಅದು ಸ್ಪಷ್ಟವಾಗಿಯೇ ಕಂಡಿತು.

"ಅದು ನಿನ್ನೆ ಸಂಜೆನೇ ಅಸ್ಥಿ ಜೊತೆ ಹೋಯ್ತು" ಎಂದಳು. "ನೀರಿಗೆ ಬಿಟ್ಬಿಟ್ವಿ."

ಸುಧಾಮಣಿ ಲೋಟವನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟಳು. ತನ್ನ ಗಂಡನ ಅಂಗಿ ಯಾರದೋ ಮೂಳೆಗಳ ಜೊತೆ ಹೊಳೆಯಲ್ಲಿ ಹೋದದ್ದನ್ನು ಅವಳು ನೋಡುತ್ತಿದ್ದಾಳೆಂದು ಕಣ್ಣಲ್ಲೇ ತಿಳಿಯುತ್ತಿತ್ತು. ಸರಿ ಅಕ್ಕ ಎಂದಳು. ಚಪ್ಪಲಿ ಹಾಕಿಕೊಳ್ಳುವಾಗ ಗೋಡೆ ಹಿಡಿದುಕೊಂಡಳು.

ಅಲ್ಲಿಂದ ಮುಂದೆ ಅವನು ದಿನವೂ ಬಂದ. ಅರೆಕೆರೆಯಿಂದ ಡಿಪೋಗೆ ಹೋಗುವ ದಾರಿ ಇದಲ್ಲ. ಮೊದಲು ಗೇಟಿನವರೆಗೆ, ಆಮೇಲೆ ಅಂಗಳದವರೆಗೆ. ಒಂದು ದಿನ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲಿ ನಿಂತು, "ಮಧು, ಇದ್ದೀಯಾ?" ಎಂದ. ದನಿ ತಿರುಮಲೇಶನದಲ್ಲ. ಆದರೆ ಪ್ರಶ್ನೆಯ ನಂತರ ಉಸಿರು ಬಿಗಿಹಿಡಿದು ಕಾಯುವ ಆ ಚೂರು ಮೌನ ಅವನದೇ. ಮಧುಶ್ರೀ ಇದ್ದೀನಿ ಎಂದಳು. ಹಾಗೆ ಹೇಳಿದ ಮೇಲೆ ತಾನು ನಿಜವಾಗಿಯೂ ಇದ್ದೇನೆ ಎನಿಸಿತು. ಸಾವಿನ ದಿನದಿಂದ ಅವಳಿಗೆ ಹಾಗೆ ಅನಿಸಿರಲಿಲ್ಲ.

ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದ.  ಕೆಳಗಿನ ಮನೆಯಿಂದ ಲಕ್ಷ್ಮಿದೇವಮ್ಮ ಬಂದು ನೋಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು, ಏನೂ ಕೇಳದೆ ಹೋಗಿ ರೊಟ್ಟಿ ತಟ್ಟಿಕೊಂಡು ತಂದರು. ಅವರಿಗೆ ಅರುಳುಮರುಳೇನೂ ಇರಲಿಲ್ಲ. ಅವನು ಎಡಗೈಯಲ್ಲಿ ತಟ್ಟೆ ತಿರುಗಿಸಿ ತಿನ್ನುವುದನ್ನು ಅತ್ತೆ ಸೊಸೆ ಇಬ್ಬರೂ ಗೋಡೆಗೊರಗಿ ನಿಂತು ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಆಮೇಲೆ ಪಾತ್ರೆ ತೊಳೆಯುವಾಗಲೂ ಅದರ ಮಾತೆತ್ತುತ್ತಿರಲಿಲ್ಲ.

ಹೀಗೆ ನಡೆದಿದ್ದಾಗ ಒಂದು ಬೆಳಿಗ್ಗೆ ಅವನು ತಿಂಡಿ ಮುಗಿಸಿ ಎದ್ದು, ನೇರವಾಗಿ ದೇವರ ಗೂಡಿನ ಹಿಂದಕ್ಕೆ ಕೈಹಾಕಿ ಸ್ಕೂಟರಿನ ಕೀ ತೆಗೆದುಕೊಂಡ. ಅದು ಅಲ್ಲಿರುವುದನ್ನು ಮಧುಶ್ರೀ ಮರೆತೇಬಿಟ್ಟಿದ್ದಳು. ನಾಟಕದಲ್ಲಿ ಸ್ಕೂಟರ್ ಇಲ್ಲ. ಕೀ ಇಡುವ ಜಾಗವನ್ನು ತಿರುಮಲೇಶ ಪ್ರಾಕ್ಟೀಸಿನ ನಡುವೆ ಯಾವಾಗಲೋ ಹೇಳಿದ್ದನೇ? ಹೇಳಿದ್ದಿರಬಹುದು. ಅವಳು ಹಾಗೆಂದುಕೊಳ್ಳಲು ನೋಡುತ್ತಿದ್ದಾಗ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದ. ತೆರೆಯ ಮೇಲಿನ ಹೆಸರನ್ನು ಹುಬ್ಬುಗಂಟಿಕ್ಕಿ ಓದಿದ. ಮತ್ತೆ ಅದನ್ನು ಅವಳತ್ತ ಚಾಚಿದ.

"ಯಾರೋ ಸುಧಾಮಣಿ ಅಂತೆ. ನಿಂಗೇ ಇರ್ಬೇಕು ನೋಡು."

ಅವನ ಮುಖದಲ್ಲಿ ತುಂಟತನವಿರಲಿಲ್ಲ, ದುಃಖವೂ ಇರಲಿಲ್ಲ. ಬಾಡಿಗೆಯವರು ಖಾಲಿ ಮಾಡಿ ಹೋದ ಮನೆಯ ಹಾಗೆ ಇತ್ತು. ಮಧುಶ್ರೀ ಫೋನ್ ಕಿವಿಗಿಟ್ಟುಕೊಂಡಳು.

"ರೀ, ಎಲ್ಲಿದ್ದೀರಾ?" ಆ ಕಡೆಯ ದನಿ ಅಳುತ್ತಿರಲಿಲ್ಲ, ಒಣಗಿತ್ತು. "ಮೂರು ದಿನದಿಂದ ಡ್ಯೂಟಿಗೇ ಹೋಗಿಲ್ವಂತೆ. ಡಿಪೋದಿಂದ ಫೋನ್ ಬಂತು ರೀ. ಮತ್ತೆ ಡಿಪೋದ ನಂಬರ್ ನೋಡಿ ಎತ್ತಕ್ಕೆ ಮೊದ್ಲು ನಂಗೆ ಕೈಯೇ ಬರ್ಲಿಲ್ಲ."

ಮಧುಶ್ರೀಗೆ ಆಸ್ಪತ್ರೆಯ ನೆಲ ನೆನಪಾಗಲಿಲ್ಲ. ಅವಳು ಅದನ್ನು ನೋಡಿಯೇ ಇರಲಿಲ್ಲ. ಅಲ್ಲಿ ಕುಸಿದು ಕೂತಿದ್ದವಳು ಈ ದನಿಯವಳು. ಇವಳು ಆ ನೆಲದಿಂದ ಹೇಗೋ ಎದ್ದು ಮನೆಗೆ ಹೋಗಿದ್ದಳು. ತಾನೀಗ ಅವನಿಗೆ ದಿನಕ್ಕೊಂದು ಲೋಟ ಕಾಫಿ ಕೊಟ್ಟು ಇವಳನ್ನು ಮತ್ತೆ ಅಲ್ಲಿಗೇ ಕೂರಿಸುತ್ತಿದ್ದಾಳೆ.

"ಸುಧಾಮಣಿ, ನಾನು" ಎಂದಳು. "ನಿಮ್ಮೋರು ಇಲ್ಲಿದ್ದಾರೆ. ಅಂಗಿನೂ ಇದೆ. ನಾನು ಸುಳ್ಳು ಹೇಳ್ದೆ. ಕರ್ಕೊಂಡ್ ಬರ್ತೀನಿ."

ಬೀರು ತೆರೆದು ಸೀರೆಗಳ ಅಡಿಯಿಂದ ಅಂಗಿ ತೆಗೆಯುವಾಗ ಬಾಗಿಲಲ್ಲಿ ಲಕ್ಷ್ಮಿದೇವಮ್ಮ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಇನ್ನೊಂದು ದಿನ ಇರಲಿ ಬಿಡು ಎಂದು ಸೊಸೆಯ ಸೆರಗು ಹಿಡಿದರು. ನಾಳೆ ಶನಿವಾರ, ಅವನಿಗೆ ಇಷ್ಟ ಅಂತ ಅವರೆಕಾಯಿ ಸುಲಿದಿಟ್ಟಿದ್ದೀನಿ ಎಂದರು. ಮಧುಶ್ರೀ ಸೆರಗನ್ನು ಬಿಡಿಸಿಕೊಳ್ಳಲಿಲ್ಲ. ಅತ್ತೆಯ ಬೆರಳು ತಾವಾಗಿ ಸಡಿಲವಾಗುವವರೆಗೆ ನಿಂತಿದ್ದು, ಆಮೇಲೆ ಹೊರಟಳು.

ಜಯನಗರದಿಂದ ಬಸ್ಸು ಹತ್ತಿದರು. ಬನ್ನೇರುಘಟ್ಟ ರಸ್ತೆ ಎಂದಿನಂತೆ ಕಿಕ್ಕಿರಿದಿತ್ತು. ಅವನು ಕಿಟಕಿಯ ಪಕ್ಕ ಕುಳಿತು ಅಂಗಡಿಗಳ ಬೋರ್ಡುಗಳನ್ನು ಓದುತ್ತಾ ಬಂದ, ತಿರುಮಲೇಶ ಓದುತ್ತಿದ್ದ ಹಾಗೆ, ತುಟಿ ಅಲುಗಿಸುತ್ತಾ. ಕಂಡಕ್ಟರ್ ಹತ್ತಿರ ಬಂದವನೇ ಅವನ ಭುಜಕ್ಕೆ ಗುದ್ದಿದ. ಏನ್ ಗುರು, ಮೂರು ದಿನ ಪತ್ತೆನೇ ಇಲ್ಲ, ಇಲ್ಲಿ ಜಾಲಿ ರೈಡಾ ಎಂದ. ಅವನು ಅಪರಿಚಿತನಿಗೆ ನಗುವಷ್ಟು ನಕ್ಕು, ಎರಡು ಅರೆಕೆರೆ ಕೊಡಿ ಎಂದ. ಕಂಡಕ್ಟರನ ಕೈ ಮಿಷನ್ನಿನ ಮೇಲೆ ಹಾಗೇ ನಿಂತಿತು. ಮಧುಶ್ರೀಯ ಮುಖ ನೋಡಿದ. ಅವಳು ತಲೆ ತಗ್ಗಿಸಿ ಮಡಿಲಲ್ಲಿದ್ದ ನೀಲಿ ಅಂಗಿಯ ಮಡಿಕೆ ಸರಿಮಾಡಿದಳು. ಮೂಗಿನ ಹತ್ತಿರ ಒಯ್ಯಬೇಕೆಂದು ಬಹಳ ಆಸೆಯಾಯಿತು. ಒಯ್ಯಲಿಲ್ಲ. ಪಕ್ಕದಲ್ಲಿ ಕುಳಿತವನ ತೋಳು ತಿರುವಿನಲ್ಲಿ ಅವಳ ತೋಳಿಗೆ ತಾಗಿದಾಗ ಮಾತ್ರ ಸರಿಯದೆ ಕುಳಿತಳು. ಅರೆಕೆರೆ ಗೇಟಿನವರೆಗೆ ಅಷ್ಟು ಸಾಕಾಗಬೇಕಿತ್ತು.

ಗಲ್ಲಿಯ ಕೊನೆಯಲ್ಲಿ ಎರಡು ಕೋಣೆಯ ಮನೆ. ಬಾಗಿಲ ಪಕ್ಕದ ನಲ್ಲಿಯ ಕೆಳಗೆ ಬಕೆಟ್ಟು ತುಂಬುತ್ತಿತ್ತು. ಸುಧಾಮಣಿ ಬಾಗಿಲಲ್ಲೇ ನಿಂತಿದ್ದಳು. ಮಧುಶ್ರೀಯನ್ನು ಬೈಯಲಿಲ್ಲ, ಒಳಗೆ ಬನ್ನಿ ಎನ್ನಲೂ ಇಲ್ಲ. ಅವನು ಅವಳನ್ನು ದಾಟಿ ಹೋಗಲಾರದೆ, ಬೇರೆಯವರ ಮನೆಯೆದುರು ನಿಂತಂತೆ ಸಂಕೋಚದಿಂದ ನಿಂತ. ಹಿಂದಿರುಗಿ ಮಧುಶ್ರೀಯನ್ನು ನೋಡಿದ. ಅವನ ಬಾಯಿ ತೆರೆಯಿತು. ಏನು ಕೇಳಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಕೇಳಿದರೆ ತಾನು ಉತ್ತರ ಕೊಟ್ಟೇಬಿಡುತ್ತೇನೆ ಎಂಬುದೂ ಗೊತ್ತಿತ್ತು.

"ಯುವರಾಜ್" ಎಂದಳು.

 ಅವನು ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ.

"ಯುವರಾಜ್. ನಿಮ್ಮ ಅಂಗಿ. ನಮ್ಮನೆಯವರು ತಗೊಂಡಿದ್ರು. ಅವರು ಬಂದು ಕೊಡೋ ಹಾಗಿಲ್ಲ. ಅವರು ತೀರ್ಕೊಂಡ್ರು."

ಆ ಮಾತನ್ನು ಅವಳು ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಬೇರೆಯವರೇ ಹೇಳಿದ್ದರು. ಚಾಚಿದ ಎರಡೂ ಕೈಗಳ ಮೇಲೆ ಅಂಗಿ ಇತ್ತು. ಅವನು ಅದನ್ನು ನೋಡಿದ. ಆಮೇಲೆ ಹಸಿರು ಚೌಕಳಿಯ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದ, ತೋಳು ಜಾರಿಸಿದ, ನೀಲಿಯದನ್ನು ಬನಿಯನ್ನಿನ ಮೇಲೆ ಏರಿಸಿದ.  ಗಲ್ಲಿಯನ್ನು, ನಲ್ಲಿಯನ್ನು, ಹೆಂಡತಿಯನ್ನು ನೋಡಿದ. ಇಳಿಯುವ ಸ್ಟಾಪು ದಾಟಿ ಎಚ್ಚರಾದ ಪ್ರಯಾಣಿಕನ ಮುಖ.

"ಸುಧಾ" ಎಂದ. "ನನ್ನ ಬ್ಯಾಗ್ ಎಲ್ಲೇ? ಡ್ಯೂಟಿಗೆ ಹೊತ್ತಾಯ್ತು."

ಸುಧಾಮಣಿ ಅಳಲಿಲ್ಲ. ಮೊದಲು ಆ ಅಂಗಿ ತೆಗೀರಿ, ಒಗೀಬೇಕು ಎಂದು ಗದರಿದಳು. ಅವನು ಮಗುವಿನಂತೆ ಕೈಯೆತ್ತಿ ಕೊಟ್ಟ. ಹಸಿರು ಅಂಗಿಯನ್ನು ಅವಳೇ ಮಡಿಸಿ ಮಧುಶ್ರೀಯ ತೋಳಿನ ಮೇಲೆ ಹಾಕಿದಳು. ಅದಿನ್ನೂ ಬಿಸಿಯಾಗಿತ್ತು, ಆ ಬಿಸಿ ಬೇರೆ ಯಾರದೋ ಆಗಿತ್ತು.

ನೀಲಿ ಅಂಗಿಯನ್ನು ಸುಧಾಮಣಿ ತುಂಬಿದ ಬಕೆಟ್ಟಿಗೆ ಹಾಕಿದಳು. ಬಟ್ಟೆ ಕಪ್ಪಾಗುತ್ತಾ ಮುಳುಗಿತು. ಒಂದು ತೋಳು ಮಾತ್ರ ಗಾಳಿ ತುಂಬಿಕೊಂಡು ಮೇಲೆದ್ದು, ಮೊಣಕೈಯಲ್ಲಿ ಬಾಗಿ, ಬಕೆಟ್ಟಿನ ಅಂಚಿಗೆ ಬಂದು ನಿಂತಿತು. ಅವಳು ಅದನ್ನು ಅಂಗೈಯಿಂದ ಒತ್ತಿದಳು. ಮತ್ತೆ ಎದ್ದಿತು. ಸುಧಾಮಣಿ ತಲೆಯೆತ್ತಿ ಮಧುಶ್ರೀಯತ್ತ ನೋಡಿದಳು, ಕೈ ಮುಂದೆ ಹೋಗಲಿಲ್ಲ.

ಮಧುಶ್ರೀ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ತೋಳನ್ನು ಮಣಿಕಟ್ಟಿನ ಬಳಿ ಹಿಡಿದು ನೀರಿನೊಳಗೆ ಒಯ್ದಳು. ಗುಳ್ಳೆಗಳು ಬಂದವು. ಅವು ನಿಲ್ಲುವವರೆಗೂ ಹಿಡಿದೇ ಇದ್ದಳು.